ಶುಗರ್ ಇಳಿಯುತ್ತಿಲ್ಲವಾ? ಇನ್ಸುಲಿನ್ ರಿಸೆಪ್ಟರ್ ಮೇಲೆ ಅನುಮಾನ ಪಡುವ ಮೊದಲು

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ಹಾಸನದಲ್ಲಿರುವ ನಮ್ಮ ಲ್ಯಾಬಿಗೆ ಬಂದರು. ಕೊಡೆಯನ್ನು ಬಾಗಿಲ ಹತ್ತಿರ ಒರಗಿಸಿ, ಪ್ಲಾಸ್ಟಿಕ್ ಕವರಿನಿಂದ ರಿಪೋರ್ಟುಗಳ ಕಂತೆ ತೆಗೆದು ಕೌಂಟರ್ ಮೇಲಿಟ್ಟು, "ತಮ್ಮಾ, ನಂಗೆ ಇನ್ಸುಲಿನ್ ರಿಸೆಪ್ಟರೇ ಹೋಗ್ಬಿಟ್ಟಿದೆಯಂತೆ, ಮಗ ಮೊಬೈಲಲ್ಲಿ ನೋಡಿ ಹೇಳ್ದ. ಅದ್ರ ಟೆಸ್ಟಿಗೆ ಎಷ್ಟಾಗುತ್ತೆ?" ಅಂದರು. ಎರಡು ತಿಂಗಳಿಂದ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆ, ಖಾಲಿ ಹೊಟ್ಟೆಯ ಶುಗರ್ 240ರಿಂದ ಕೆಳಗೆ ಬಂದೇ ಇಲ್ಲ. ರಿಸೆಪ್ಟರ್ ಟೆಸ್ಟ್ ನಮ್ಮಲ್ಲಿ ಇಲ್ಲ ಯಜಮಾನ್ರೇ, ಚುಚ್ಚಿಕೊಳ್ಳೋ ಸಾಮಾನು ತಂದಿದ್ದೀರಾ ಅಂತ ಕೇಳಿದೆ. ತಂದಿದ್ದರು. ಬಾಟಲಿ ಮೇಲೆ 40 ಅಂತ ಇತ್ತು. ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ಉತ್ತರ ಅಲ್ಲೇ ಸಿಕ್ಕಿತು. ಆ ಲೆಕ್ಕ ಮುಂದೆ ಹೇಳುತ್ತೇನೆ.

ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ಆದರೆ "ಇನ್ಸುಲಿನ್ ನನ್ನ ಮೈಗೆ ಹಿಡೀತಿಲ್ಲ" ಅನ್ನುವ ಮಾತು ವಾರಕ್ಕೆ ಎರಡು ಸಲವಾದರೂ ಕೇಳುತ್ತೇನೆ. ಹಾಗೆ ಹೇಳುವವರಲ್ಲಿ ರಿಸೆಪ್ಟರೇ, ಅಂದರೆ ಕೋಶದ ಮೇಲೆ ಇನ್ಸುಲಿನ್ ಬಂದು ಕೂರುವ ಜಾಗವೇ, ಕೆಟ್ಟಿರುವುದು ತೀರಾ ಅಪರೂಪ. ತಪ್ಪು ಒಂದೋ ಹೊರಗಿರುತ್ತದೆ: ಮೀಟರ್, ಸ್ಟ್ರಿಪ್, ಸಿರಿಂಜು, ಚುಚ್ಚುವ ಜಾಗ. ಇಲ್ಲವೇ ಒಳಗಿರುತ್ತದೆ, ಅಂದರೆ ರಿಸೆಪ್ಟರ್ ದಾಟಿದ ಮೇಲಿನ ದಾರಿಯಲ್ಲಿ. ಹಾಗಾಗಿ ಕಾಸು ಖರ್ಚಾಗದ ಕಡೆಯಿಂದ ಶುರುಮಾಡೋಣ.

ಇವು ಕಂಡರೆ ಓದುತ್ತಾ ಕೂರಬೇಡಿ

ಶುಗರ್ 300 ದಾಟಿದೆ, ಜೊತೆಗೆ ವಾಂತಿ, ಹೊಟ್ಟೆನೋವು, ಏದುಸಿರು, ಉಸಿರಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಮಂಪರು. ಇದರಲ್ಲಿ ಯಾವುದು ಸೇರಿದರೂ ನೇರ ಆಸ್ಪತ್ರೆಗೆ ಹೋಗಿ, ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಊಟ ಸೇರುತ್ತಿಲ್ಲ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸುವವರಿದ್ದಾರೆ, ಡಾಕ್ಟರನ್ನು ಕೇಳದೆ ಹಾಗೆ ಮಾಡಬೇಡಿ. ಮಗು ಇದ್ದಕ್ಕಿದ್ದಂತೆ ಸೊರಗುತ್ತಿದ್ದರೆ, ಪದೇ ಪದೇ ನೀರು ಕೇಳುತ್ತಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವುದನ್ನು ಮತ್ತೆ ಶುರುಮಾಡಿದ್ದರೆ ಅವತ್ತೇ ಶುಗರ್ ನೋಡಿಸಿ. ಅಲ್ಲಿ ರಿಸೆಪ್ಟರ್ ಚೆನ್ನಾಗಿಯೇ ಇರುತ್ತದೆ, ಇನ್ಸುಲಿನ್ನೇ ಇರುವುದಿಲ್ಲ.

ಇನ್ನೊಂದು ಕಡೆ, ಶುಗರ್ 70ಕ್ಕಿಂತ ಕೆಳಗೆ ಬಂದು ಬೆವರು, ಕೈನಡುಕ, ಎದೆ ಡವಡವ. ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಮತ್ತೊಮ್ಮೆ ಕುಡಿಸಿ. ಚಾಕೊಲೇಟ್ ಬೇಡ, ಅದರ ಜಿಡ್ಡು ಸಕ್ಕರೆಯನ್ನು ತಡೆದು ನಿಧಾನ ಮಾಡುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ಪಕ್ಕಕ್ಕೆ ಮಲಗಿಸಿ 108ಕ್ಕೆ ಹೇಳಿ.

ರಿಸೆಪ್ಟರ್ ಅಂದರೆ ಬೀಗ ಅಲ್ಲ, ಕಾಲಿಂಗ್ ಬೆಲ್

ಪಠ್ಯಪುಸ್ತಕದಲ್ಲಿ ಇದನ್ನು ಗ್ರಾಹಕ ಅನ್ನುತ್ತಾರೆ. ನಮ್ಮೂರಲ್ಲಿ ಗ್ರಾಹಕ ಅಂದರೆ ಸೊಸೈಟಿ ಮುಂದೆ ಕ್ಯೂ ನಿಂತವರು, ಅದಕ್ಕೇ ರಿಸೆಪ್ಟರ್ ಅಂತಲೇ ಬರೆಯುತ್ತೇನೆ.

ಇನ್ಸುಲಿನ್ ಕೀಲಿ, ರಿಸೆಪ್ಟರ್ ಬೀಗ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಮಾತ್ರ ಸರಿ. ಸಕ್ಕರೆ ರಿಸೆಪ್ಟರಿನ ಮೂಲಕ ಒಳಗೆ ಹೋಗುವುದೇ ಇಲ್ಲ. ಇನ್ಸುಲಿನ್ ಬಂದು ಹೊರಗಿನ ಸ್ವಿಚ್ ಒತ್ತುತ್ತದೆ, ಒಳಗೆ ಗಂಟೆ ಹೊಡೆಯುತ್ತದೆ, ಒಳಗಿದ್ದವರು ಎದ್ದು ಬಂದು ಬೇರೆ ಒಂದು ಬಾಗಿಲು ತೆಗೆಯುತ್ತಾರೆ. ಗಂಟೆ ಹೊಡೆಯುವಾಗ ಇನ್ಸುಲಿನ್ ಹೊರಗೇ ನಿಂತಿರುತ್ತದೆ. ಈ ಚಿತ್ರ ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಈಗ ಸ್ವಿಚ್ಚನ್ನು ಬಿಚ್ಚಿ ನೋಡೋಣ. ರಿಸೆಪ್ಟರಿಗೆ ನಾಲ್ಕು ತುಂಡು: ಎರಡು ಆಲ್ಫಾ, ಎರಡು ಬೀಟಾ. ಆಲ್ಫಾ ಎರಡೂ ಕೋಶದ ಹೊರಗಿರುತ್ತವೆ, ಇನ್ಸುಲಿನ್ ಹಿಡಿಯುವ ಜಾಗ ಅಲ್ಲಿದೆ. ಬೀಟಾ ತುಂಡುಗಳು ಕೋಶದ ಪೊರೆಯನ್ನು ತೂರಿಕೊಂಡು ಒಳಗೆ ಇಳಿದಿರುತ್ತವೆ. ಗಂಧಕದ ಕೊಂಡಿಗಳು ನಾಲ್ಕನ್ನೂ ಹಿಡಿದಿಟ್ಟಿವೆ. ಮೊದಲು ಆಲ್ಫಾ-ಬೀಟಾ ಒಂದೇ ಉದ್ದದ ಎಳೆಯಾಗಿ ತಯಾರಾಗಿ, ಅಂಥ ಎರಡು ಎಳೆ ಜೋಡಿಯಾಗಿ, ಆಮೇಲೆ ಫ್ಯೂರಿನ್ ಅನ್ನುವ ಕಿಣ್ವ ಅದನ್ನು ಸರಿಯಾದ ಜಾಗದಲ್ಲಿ ಕತ್ತರಿಸುತ್ತದೆ. ಇದರ ನಕ್ಷೆ ಇರುವುದು 19ನೇ ಕ್ರೋಮೋಸೋಮಿನಲ್ಲಿ.

ಇನ್ಸುಲಿನ್ ಇಲ್ಲದಾಗ ಹೊರಭಾಗ ಬೋರಲು ಹಾಕಿದ ವಿ ಅಕ್ಷರದ ಹಾಗಿರುತ್ತದೆ, ಎರಡು ಕಾಲೂ ದೂರ ದೂರ. ಇನ್ಸುಲಿನ್ ಕೂತಾಗ ಕಾಲುಗಳು ಹತ್ತಿರ ಬಂದು ಇಂಗ್ಲಿಷಿನ ಟಿ ಅಕ್ಷರದ ಆಕಾರ ಆಗುತ್ತದೆ, ಪೂರ್ತಿ ತುಂಬಿದರೆ ನಾಲ್ಕು ಇನ್ಸುಲಿನ್‌ವರೆಗೂ ಕೂರುತ್ತವೆ. ಹೊರಗೆ ಕಾಲು ಕೂಡಿದರೆ ಒಳಗಿನ ಬಾಲಗಳೂ ಕೂಡುತ್ತವೆ. ಆ ಬಾಲದಲ್ಲೇ ಟೈರೋಸಿನ್ ಕೈನೇಸ್ ಅನ್ನುವ ಯಂತ್ರ ಇರುವುದು. ಸುಮ್ಮನಿದ್ದಾಗ ಅದರದೇ ಒಂದು ಟೈರೋಸಿನ್, ಅಂದರೆ ಪ್ರೋಟೀನ್ ಎಳೆಯ ಒಂದು ಮಣಿ, ಅದರ ಬಾಯಿಗೆ ಅಡ್ಡ ಕೂತಿರುತ್ತದೆ, ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿದ ಹಾಗೆ. ಹತ್ತಿರ ಬಂದ ಎರಡು ಬಾಲಗಳು ಒಂದಕ್ಕೊಂದು ಫಾಸ್ಫೇಟ್ ಅನ್ನುವ ಸಣ್ಣ ತುಣುಕು ಅಂಟಿಸುತ್ತವೆ, ಮೂರು ಟೈರೋಸಿನ್‌ಗೆ ಅದು ಬಿದ್ದಾಗ ಅಗಳಿ ಸರಿಯುತ್ತದೆ, ಯಂತ್ರ ಓಡುತ್ತದೆ.

ಅಲ್ಲಿಂದ ಮುಂದೆ ವೈರಿಂಗು. ರಿಸೆಪ್ಟರ್ ಪಕ್ಕದಲ್ಲೇ ಕಾಯುತ್ತಿರುವ ಐಆರ್‌ಎಸ್ ಅನ್ನುವ ಪ್ರೋಟೀನಿಗೆ ಸುದ್ದಿ ಮುಟ್ಟುತ್ತದೆ, ಅದರಿಂದ ಪಿಐ3 ಕೈನೇಸಿಗೆ, ಅಲ್ಲಿಂದ ಎಕೆಟಿಗೆ. ಕೊನೆಗೆ ಸ್ನಾಯು ಮತ್ತು ಕೊಬ್ಬಿನ ಕೋಶದೊಳಗೆ ಗುಳ್ಳೆಗಳಲ್ಲಿ ಅಡಗಿದ್ದ ಗ್ಲೂಟ್4 ಅನ್ನುವ ಬಾಗಿಲುಗಳು ಮೇಲೆ ಬಂದು ಪೊರೆಗೆ ಸೇರುತ್ತವೆ. ಸಕ್ಕರೆ ಒಳಗೆ ಹೋಗುವುದು ಈ ಬಾಗಿಲಿಂದ. ಲಿವರಿನ ಕಥೆ ಬೇರೆ. ಅಲ್ಲಿ ಬೆಲ್ ಹೊಡೆದರೆ ಸಿಗುವ ಆದೇಶ "ಸಕ್ಕರೆ ತಯಾರಿಸುವುದು ನಿಲ್ಲಿಸು" ಅಂತ. ಮಿದುಳು ಮಾತ್ರ ಸಕ್ಕರೆ ತೆಗೆದುಕೊಳ್ಳಲು ಈ ಬೆಲ್ಲಿಗೆ ಕಾಯುವುದಿಲ್ಲ, ಒಳ್ಳೆಯದೇ ಆಯಿತು.

ಇನ್ನೂ ಎರಡು ವಿಷಯ ನೆನಪಿರಲಿ. ಒಂದು, ಗಂಟೆ ಹೊಡೆದ ಮೇಲೆ ರಿಸೆಪ್ಟರ್ ಇನ್ಸುಲಿನ್ ಸಮೇತ ಕೋಶದೊಳಗೆ ಇಳಿಯುತ್ತದೆ. ಇನ್ಸುಲಿನ್ ಅಲ್ಲೇ ಕರಗುತ್ತದೆ, ಬಹುಪಾಲು ರಿಸೆಪ್ಟರುಗಳು ವಾಪಸ್ ಮೇಲೆ ಬರುತ್ತವೆ. ದಿನವಿಡೀ ಬೆಲ್ ಒತ್ತುತ್ತಲೇ ಇದ್ದರೆ ಮೇಲೆ ಉಳಿಯುವ ಸ್ವಿಚ್ಚುಗಳೇ ಕಡಿಮೆಯಾಗುತ್ತವೆ. ಎರಡು, ಒಂದೇ ಸ್ವಿಚ್ಚಿನಿಂದ ಎರಡು ವೈರ್ ಹೋಗುತ್ತವೆ. ಒಂದು ಸಕ್ಕರೆಯ ಲೆಕ್ಕಕ್ಕೆ, ಇನ್ನೊಂದು ಕೋಶ ಬೆಳೆಯುವುದಕ್ಕೆ. ಈ ಎರಡನೇ ವೈರಿನ ಕಿತಾಪತಿ ಕುತ್ತಿಗೆ ಕಪ್ಪಾಗುವ ಭಾಗದಲ್ಲಿ ಬರುತ್ತದೆ.

ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ. ಅದು ಲಿವರ್ ಕೋಶದ ಪೊರೆಗೆ ಹೋಗಿ ಅಂಟುತ್ತದೆ ಅಂತ ಫ್ರೇಶೆ, ರಾತ್, ನೆವಿಲ್ ಅನ್ನುವ ವಿಜ್ಞಾನಿಗಳು ತೋರಿಸಿದ್ದು 1971ರಲ್ಲಿ. ಹೊರಭಾಗದ ಆಕಾರ ಗೊತ್ತಾಗಲು 2006 ಆಗಬೇಕಾಯಿತು. ಔಷಧಿ ಅಷ್ಟು ವರ್ಷ ಕೆಲಸ ಮಾಡಿದೆ, ಎಲ್ಲಿ ಹೋಗಿ ಕೂರುತ್ತದೆ ಅನ್ನುವುದೇ ಗೊತ್ತಿರಲಿಲ್ಲ!

"ಮನೆ ಮೀಟರ್ ಒಂದು ಹೇಳುತ್ತೆ, ಲ್ಯಾಬ್ ಇನ್ನೊಂದು"

ಮೊದಲು ಕೈ ತೊಳೆಯಿರಿ. ತಮಾಷೆ ಅಲ್ಲ. ಹಲಸಿನ ಕಾಲದಲ್ಲಿ ನಮ್ಮ ಓಣಿಯ ಅಕ್ಕ ಒಬ್ಬರು 310 ಅಂತ ಗಾಬರಿಯಾಗಿ ಬಂದರು. ಬೆರಳ ಸಂದಿಯಲ್ಲಿ ಇನ್ನೂ ಹಲಸಿನ ತೊಳೆಯ ಅಂಟು. ಸೋಪು ಹಾಕಿ ತೊಳೆಸಿ, ಒರೆಸಿ, ಇನ್ನೊಂದು ಬೆರಳು ಚುಚ್ಚಿದರೆ 142. ಬೆಲ್ಲ, ಬಾಳೆಹಣ್ಣು, ಜೇನು ಎಲ್ಲದರದೂ ಇದೇ ಕಥೆ. ಹನಿ ರಕ್ತಕ್ಕೆ ಬೆರಳ ಮೇಲಿನ ಸಕ್ಕರೆ ಸೇರಿದರೆ ಮೀಟರಿಗೆ ಏನು ಗೊತ್ತು.

ಆಮೇಲೆ ಸ್ಟ್ರಿಪ್ ಡಬ್ಬಿ. ತಾರೀಖು ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಸ್ಟ್ರಿಪ್ ತೇವ ಹೀರಿ ಕೆಡುತ್ತದೆ, ಹಪ್ಪಳದ ಹಾಗೆ. ಇಷ್ಟೆಲ್ಲ ಸರಿ ಇದ್ದರೂ ಮೀಟರಿಗೂ ಲ್ಯಾಬಿಗೂ 15 ಶೇಕಡಾದಷ್ಟು ವ್ಯತ್ಯಾಸ ಬರಬಹುದು. ಲ್ಯಾಬಲ್ಲಿ 200 ಇದ್ದದ್ದು ಮನೆಯಲ್ಲಿ 175 ಅಂದರೆ ಜಗಳ ಆಡುವಂಥದ್ದೇನಲ್ಲ.

ತಪ್ಪು ನಮ್ಮ ಕಡೆಯೂ ಆಗುತ್ತದೆ, ಮುಚ್ಚಿಡುವುದಿಲ್ಲ. ಶುಗರಿಗೆ ರಕ್ತ ಬೂದು ಮುಚ್ಚಳದ ಟ್ಯೂಬಿಗೆ ತೆಗೆಯಬೇಕು, ಅದರಲ್ಲಿ ಫ್ಲೋರೈಡ್ ಇರುತ್ತದೆ. ಬೇರೆ ಟ್ಯೂಬಲ್ಲಿ ಹಾಗೇ ಇಟ್ಟರೆ ರಕ್ತಕಣಗಳು ಅದರಲ್ಲಿರುವ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ, ಗಂಟೆಗೆ 5ರಿಂದ 7 ಶೇಕಡಾ ಇಳಿಯುತ್ತದೆ. ತೋಟದ ಮನೆಯಲ್ಲಿ ಬೆಳಿಗ್ಗೆ ತೆಗೆದ ರಕ್ತ ಬಸ್ಸಿನಲ್ಲಿ ಬಂದು ಮಧ್ಯಾಹ್ನ ಮುಟ್ಟಿದರೆ ರಿಪೋರ್ಟ್ ಚೆನ್ನಾಗಿ ಬರುತ್ತದೆ, ಸುಳ್ಳುಸುಳ್ಳೇ.

ಖಾಲಿ ಹೊಟ್ಟೆ ಅಂದರೆ ಕನಿಷ್ಠ 8 ಗಂಟೆ ನೀರು ಬಿಟ್ಟು ಏನೂ ಇಲ್ಲ. "ಬರೀ ಕಾಫಿ ಕುಡಿದೆ ಅಷ್ಟೇ" ಅನ್ನುವ ಮಾತನ್ನು ಚಿಕ್ಕಮಗಳೂರು, ಮೂಡಿಗೆರೆ ಕಡೆಯವರಿಂದ ಕೇಳಿ ಕೇಳಿ ಸಾಕಾಗಿದೆ. ಬೆಲ್ಲದ ಕಾಫಿ ಬಿಡಿ, ಸಕ್ಕರೆ ಇಲ್ಲದ ಕಪ್ಪು ಕಾಫಿಯ ಕೆಫೀನ್ ಕೂಡ ಸ್ವಲ್ಪ ಹೊತ್ತು ಇನ್ಸುಲಿನ್ ಕೆಲಸವನ್ನು ಮಂದ ಮಾಡುತ್ತದೆ.

ಮೂರು ತಿಂಗಳ ಶುಗರ್ ಅನ್ನುವ ಎಚ್‌ಬಿಎ1ಸಿ ಕೂಡ ತಪ್ಪು ದಾರಿ ತೋರಿಸಬಹುದು. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಜಾಸ್ತಿ ತೋರಿಸುವುದುಂಟು, ಇತ್ತೀಚೆಗೆ ಜಾಸ್ತಿ ರಕ್ತ ಹೋಗಿದ್ದರೆ ಕಡಿಮೆ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ನೋಡದೆ ಆ ನಂಬರ್ ನೆಚ್ಚಿಕೊಳ್ಳಬೇಡಿ.

ಹೋಲಿಸಿ ನೋಡಲು ಗೆರೆಗಳು ಇವು. ಖಾಲಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಸರಿ, 100ರಿಂದ 125 ಅಂಚಿನಲ್ಲಿದ್ದೀರಿ, 126 ಮತ್ತು ಮೇಲೆ ಸಕ್ಕರೆ ಕಾಯಿಲೆ. ಎಚ್‌ಬಿಎ1ಸಿಯಲ್ಲಿ 5.7ರಿಂದ 6.4 ಅಂಚು, 6.5ರಿಂದ ಕಾಯಿಲೆ. ಲಕ್ಷಣ ಏನೂ ಇಲ್ಲದಿದ್ದರೆ ಒಂದೇ ರಿಪೋರ್ಟ್ ನೋಡಿ ತೀರ್ಮಾನ ಮಾಡುವುದಿಲ್ಲ, ಇನ್ನೊಮ್ಮೆ ನೋಡುತ್ತಾರೆ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ 30 ದಾಟಿದವರಿಗೆ ಶುಗರ್, ಬಿಪಿ ಕಾಸಿಲ್ಲದೆ ನೋಡುತ್ತಾರೆ, ಹೋಗಿ ಬನ್ನಿ.

"ಇನ್ಸುಲಿನ್ ಹಾಕಿಕೊಳ್ತಾ ಇದ್ದೀನಿ, ಇಳೀತಾನೇ ಇಲ್ಲ"

ಈಗ ರೈಟರ್ ಲೆಕ್ಕ. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಥರ ಸಿಗುತ್ತದೆ. ಒಂದು ಮಿಲಿ ಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಸಿರಿಂಜೂ ಎರಡು: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಅವರ ಹತ್ತಿರ ಇದ್ದದ್ದು 40ರ ಬಾಟಲಿ, ಅಂಗಡಿಯವರು ಕೊಟ್ಟದ್ದು 100ರ ಸಿರಿಂಜು. ಡಾಕ್ಟರ್ 20 ಯೂನಿಟ್ ಅಂದಿದ್ದರು. 100ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು 0.2 ಮಿಲಿ ಲೀಟರ್. 40ರ ಬಾಟಲಿಯಿಂದ ಅಷ್ಟು ಎಳೆದರೆ ಒಳಗೆ ಹೋಗುವುದು 8 ಯೂನಿಟ್. ಇಳಿಯಲಿಲ್ಲ ಅಂತ ಡಾಕ್ಟರ್ 30 ಮಾಡಿದರು, ಆಗಲೂ ಮೈಗೆ ಸೇರಿದ್ದು 12. ರಿಸೆಪ್ಟರ್ ಪಾಪ ಏನು ಮಾಡುತ್ತೆ, ಸ್ವಿಚ್ ಒತ್ತುವವರೇ ಅರ್ಧಕ್ಕರ್ಧ ಬಂದಿರಲಿಲ್ಲ.

ಇಲ್ಲೊಂದು ಅಪಾಯ ಇದೆ, ಗಮನ ಕೊಟ್ಟು ಓದಿ. ತಪ್ಪು ಸಿಕ್ಕಿತು ಅಂತ ಖುಷಿಯಲ್ಲಿ ಅವತ್ತೇ ಕೆಂಪು ಮುಚ್ಚಳದ ಸಿರಿಂಜು ತಂದು ಅದೇ 30ರ ಗೆರೆಗೆ ಎಳೆದು ಚುಚ್ಚಿಕೊಂಡಿದ್ದರೆ ಒಂದೇ ಏಟಿಗೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗಿ ರಾತ್ರಿ ನಿದ್ದೆಯಲ್ಲೇ ಶುಗರ್ ಕುಸಿಯುತ್ತಿತ್ತು. ಸಿರಿಂಜು ಬದಲಿಸುವ ಮೊದಲು ಡಾಕ್ಟರಿಗೆ ಫೋನ್ ಮಾಡಿಸಿದೆ, ಅವರು ಡೋಸ್ ಇಳಿಸಿದರು. 100ರ ಬಾಟಲಿಗೆ 40ರ ಸಿರಿಂಜು ಬಳಸಿದರೆ ಇದೇ ಎಡವಟ್ಟು ಇನ್ನೂ ಕೆಟ್ಟದಾಗಿ ಆಗುತ್ತದೆ: 20 ಅಂತ ಎಳೆದರೆ 50 ಹೋಗುತ್ತದೆ.

ಸಿರಿಂಜು ಸರಿ ಇದೆ ಅಂದರೆ ಹೊಟ್ಟೆ ಮುಟ್ಟಿ ನೋಡಿಕೊಳ್ಳಿ. ದಿನಾ ಒಂದೇ ಜಾಗಕ್ಕೆ ಚುಚ್ಚುವವರಿಗೆ ಚರ್ಮದ ಕೆಳಗೆ ರಬ್ಬರಿನಂಥ ಗಂಟು ಕಟ್ಟುತ್ತದೆ. ಅಲ್ಲಿ ಚುಚ್ಚಿದರೆ ನೋವಾಗುವುದಿಲ್ಲ, ಅದಕ್ಕೇ ಜನ ಅಲ್ಲೇ ಚುಚ್ಚುತ್ತಾರೆ. ಆದರೆ ಅಲ್ಲಿಂದ ಇನ್ಸುಲಿನ್ ರಕ್ತಕ್ಕೆ ಒಂದು ದಿನ ಸೇರುತ್ತದೆ, ಒಂದು ದಿನ ಇಲ್ಲ. ಜಾಗ ಬದಲಿಸಿ. ಗಂಟಿನಿಂದ ಒಳ್ಳೆ ಜಾಗಕ್ಕೆ ಬರುವಾಗಲೂ ಡೋಸ್ ಕಡಿಮೆ ಬೇಕಾಗಬಹುದು, ಕೇಳಿಕೊಂಡು ಮಾಡಿ.

ಇನ್ಸುಲಿನ್ ಇಟ್ಟ ಜಾಗ ಹೇಗಿದೆ? ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನ ಬಾಗಿಲಲ್ಲಿ. ಮೇಲಿನ ಐಸ್ ಡಬ್ಬಿಯ ಹತ್ತಿರ ಬೇಡ, ಒಂದು ಸಲ ಹೆಪ್ಪುಗಟ್ಟಿದರೆ ಎಸೆಯುವುದೇ. ತೆರೆದದ್ದು ಸಾಮಾನ್ಯವಾಗಿ 28 ದಿನ, ಆದರೂ ಚೀಟಿ ನೋಡಿ. ಬೇಸಿಗೆಯಲ್ಲಿ ಅರಸೀಕೆರೆ ಕಡೆಯ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟ ಇನ್ಸುಲಿನ್ನನ್ನು ಮತ್ತೆ ನಂಬಬೇಡಿ.

"ಶುಗರ್ ನಾರ್ಮಲ್, ಆದರೆ ಕುತ್ತಿಗೆ ಕಪ್ಪಾಗಿದೆ"

ಹದಿನಾಲ್ಕು ವರ್ಷದ ಹುಡುಗಿಯ ಕುತ್ತಿಗೆಯನ್ನು ತಾಯಿ ಕಡ್ಲೆಹಿಟ್ಟು, ನಿಂಬೆಹಣ್ಣು ಹಾಕಿ ಉಜ್ಜಿ ಉಜ್ಜಿ ಚರ್ಮ ಕೆಂಪಗೆ ಕಿತ್ತುಬಂದಿತ್ತು. "ಸ್ನಾನ ಸರಿಯಾಗಿ ಮಾಡಲ್ಲ ಅಣ್ಣಾ ಇವ್ಳು" ಅಂತ ಅವರ ದೂರು. ಹುಡುಗಿ ತಲೆ ಎತ್ತಲಿಲ್ಲ. ಅದು ಕೊಳೆ ಅಲ್ಲ. ಮುಟ್ಟಿ ನೋಡಿದರೆ ಮಖಮಲ್ಲಿನ ಹಾಗೆ ದಪ್ಪ, ಕುತ್ತಿಗೆಯ ಹಿಂದೆ, ಕಂಕುಳಲ್ಲಿ. ಕೆಲವರಿಗೆ ಅದರ ಜೊತೆ ಚರ್ಮದಲ್ಲಿ ಸಣ್ಣ ಸಣ್ಣ ನೇತಾಡುವ ಗುಳ್ಳೆಗಳು.

ಇಲ್ಲೇ ಎರಡು ವೈರಿನ ವಿಷಯ ಬರುವುದು. ಸ್ನಾಯು, ಲಿವರಿನ ಕೋಶಗಳಲ್ಲಿ ಜಿಡ್ಡು ಸೇರಿಕೊಂಡಾಗ ಅದರ ತುಣುಕುಗಳು ಐಆರ್‌ಎಸ್ ಮೇಲೆ ತಪ್ಪು ಜಾಗಕ್ಕೆ ಫಾಸ್ಫೇಟ್ ಅಂಟುವ ಹಾಗೆ ಮಾಡುತ್ತವೆ. ಸಕ್ಕರೆಯ ವೈರ್ ಮಂದವಾಗುತ್ತದೆ. ರಿಸೆಪ್ಟರ್ ಗಟ್ಟಿಯಾಗಿಯೇ ಇದೆ, ಗಂಟೆಯೂ ಹೊಡೆಯುತ್ತಿದೆ, ಒಳಗಿದ್ದವರಿಗೆ ಮಾತ್ರ ಸರಿಯಾಗಿ ಕೇಳಿಸುತ್ತಿಲ್ಲ. ಮೇದೋಜೀರಕ ಗ್ರಂಥಿ ಸುಮ್ನಿರುತ್ತಾ? ಇನ್ನಷ್ಟು ಇನ್ಸುಲಿನ್ ಕಳಿಸುತ್ತದೆ, ಶುಗರ್ ರಿಪೋರ್ಟ್ ನಾರ್ಮಲ್ ಆಗಿಯೇ ಬರುತ್ತದೆ. ಆದರೆ ಬೆಳೆಸುವ ವೈರ್ ಕೆಟ್ಟಿಲ್ಲವಲ್ಲ. ಅದಕ್ಕೆ ಈ ಜಾಸ್ತಿ ಇನ್ಸುಲಿನ್ ಪೂರ್ತಿ ಕೇಳಿಸುತ್ತದೆ. ಮೇಲಾಗಿ ಅಷ್ಟೊಂದು ಇನ್ಸುಲಿನ್ ಇದ್ದಾಗ ಅದು ಪಕ್ಕದ ಮನೆ ಬೆಲ್ಲನ್ನೂ ಒತ್ತುತ್ತದೆ, ಐಜಿಎಫ್-1 ಅನ್ನುವ, ಕೋಶ ಬೆಳೆಸುವ ಹಾರ್ಮೋನಿನ ರಿಸೆಪ್ಟರನ್ನು. ಅದು ಇದರ ಅಣ್ಣತಮ್ಮನ ಹಾಗೆ, ಆಕಾರ ಒಂದೇ ಥರ. ಚರ್ಮ ದಪ್ಪವಾಗುತ್ತದೆ, ಕಪ್ಪಾಗುತ್ತದೆ.

ಮನೆಯಲ್ಲೇ ಮಾಡುವ ಪರೀಕ್ಷೆ: ಟೈಲರ್ ಟೇಪು ತಗೊಂಡು ಸೊಂಟ ಅಳೆಯಿರಿ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮುಟ್ಟಿದರೆ ಎಚ್ಚರದ ಗೆರೆ. ತೂಕ ಸರಿ ಇದ್ದು ಹೊಟ್ಟೆ ಮಾತ್ರ ಮುಂದೆ ಇರುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅದಾದ ಮೇಲೆ ಕೊಬ್ಬಿನ ಪರೀಕ್ಷೆ. ಟ್ರೈಗ್ಲಿಸರೈಡ್ 150 ದಾಟಿ, ಒಳ್ಳೆ ಕೊಬ್ಬು ಅನ್ನುವ ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ಕ್ಕಿಂತ ಕೆಳಗಿದ್ದರೆ ಒಳಗಿನ ವೈರ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

"ಇನ್ಸುಲಿನ್ ಲೆವೆಲ್ಲೇ ನೋಡಿಬಿಡಿ" ಅಂತ ಕೆಲವರು ತಾವೇ ಬರೆಸಿಕೊಂಡು ಬರುತ್ತಾರೆ. ಖಾಲಿ ಹೊಟ್ಟೆಯ ಶುಗರನ್ನು ಖಾಲಿ ಹೊಟ್ಟೆಯ ಇನ್ಸುಲಿನ್ನಿಂದ ಗುಣಿಸಿ 405ರಿಂದ ಭಾಗಿಸುವ ಒಂದು ಲೆಕ್ಕ ಇದೆ. ಶುಗರ್ 95, ಇನ್ಸುಲಿನ್ 22 ಅಂದರೆ 5.2ರ ಹತ್ತಿರ ಬರುತ್ತದೆ, ಅದು ಜಾಸ್ತಿ. ಆದರೆ ಒಂದೊಂದು ಲ್ಯಾಬಿನ ಅಳತೆ ಒಂದೊಂದು ಥರ, ರಕ್ತ ತೆಗೆಯುವಾಗ ಕಣ ಒಡೆದರೆ ಇನ್ಸುಲಿನ್ ಕರಗಿ ಸುಳ್ಳು ಕಡಿಮೆ ಬರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಲ್ಲಿ ಈ ಲೆಕ್ಕಕ್ಕೆ ಅರ್ಥವೇ ಇಲ್ಲ. ನನ್ನ ಕೇಳಿದರೆ ಟೇಪು ಮತ್ತು ಟ್ರೈಗ್ಲಿಸರೈಡ್ ಸಾಕು.

ಹುಡುಗಿಯ ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತಿದ್ದರೆ, ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ ಅದೂ ಇದೇ ಬಳ್ಳಿಯ ಕಾಯಿ ಇರಬಹುದು. ಅಂಡಾಶಯಕ್ಕೂ ಇನ್ಸುಲಿನ್ ಚೆನ್ನಾಗಿ ಕೇಳಿಸುತ್ತದೆ, ಅದು ಗಂಡು ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಸ್ತ್ರೀರೋಗ ತಜ್ಞರಿಗೆ ತೋರಿಸಿ, ಉಜ್ಜುವುದನ್ನು ಮೊದಲು ನಿಲ್ಲಿಸಿ.

ಈ ವೈರ್ ರಿಪೇರಿ ಆಗುತ್ತದಾ? ಬಹಳ ಮಟ್ಟಿಗೆ ಆಗುತ್ತದೆ. ಸ್ನಾಯು ಕೆಲಸ ಮಾಡುವಾಗ ಗ್ಲೂಟ್4 ಬಾಗಿಲು ಬೆಲ್ಲಿಗೆ ಕಾಯದೆ ಹಿತ್ತಲ ದಾರಿಯಿಂದ ಮೇಲೆ ಬರುತ್ತದೆ. ಒಂದು ಗಟ್ಟಿ ನಡಿಗೆಯ ಪರಿಣಾಮ ಒಂದು ದಿನ, ಕೆಲವರಿಗೆ ಎರಡು ದಿನ ಉಳಿಯುತ್ತದೆ. ಊಟ ಆದ ಮೇಲೆ ಹದಿನೈದು ನಿಮಿಷ ನಡೆದು ಎರಡು ಗಂಟೆಯ ಶುಗರ್ ನೋಡಿ, ನಡೆಯದ ದಿನದ ಜೊತೆ ಹೋಲಿಸಿ, ಮೀಟರೇ ಹೇಳುತ್ತದೆ. ಕಾಲಲ್ಲಿ ಸ್ಪರ್ಶ ಕಡಿಮೆ ಇರುವವರು ಬರಿಗಾಲಲ್ಲಿ ತೋಟಕ್ಕೆ ಇಳಿಯಬೇಡಿ. ಜಿಗಣೆ ಕಚ್ಚಿದ್ದು, ಮುಳ್ಳು ಚುಚ್ಚಿದ್ದು ಗೊತ್ತೇ ಆಗದೆ ಹುಣ್ಣಾಗುತ್ತದೆ. ಗಮ್ ಬೂಟ್ ಹಾಕಿ, ಸಂಜೆ ಪಾದ ನೋಡಿಕೊಳ್ಳಿ.

ಮುದ್ದೆ ತಿಂದರೆ ಶುಗರ್ ಬರಲ್ಲ ಅನ್ನುವುದಕ್ಕೂ ಒಂದು ಮಾತು. ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನಾರು ಇದೆ, ಒಳ್ಳೆಯದು, ಆದರೆ ಹೊಲದಲ್ಲಿ ದುಡಿಯುತ್ತಿದ್ದ ಅಜ್ಜನ ಸೈಜಿನ ಮುದ್ದೆ ಕೌಂಟರಲ್ಲಿ ಕೂರುವ ನನಗೆ ಯಾಕೆ?

"ರಾತ್ರಿ ಊಟ ಬಿಟ್ಟರೂ ಬೆಳಿಗ್ಗೆ ಶುಗರ್ ಜಾಸ್ತಿ"

ಇದು ತುಂಬಾ ಜನರ ತಲೆ ಕೆಡಿಸುತ್ತದೆ. ತಿಂದಿಲ್ಲ, ಎಲ್ಲಿಂದ ಬಂತು? ಲಿವರಿನಿಂದ. ರಾತ್ರಿ ಸಕ್ಕರೆ ತಯಾರಿಸುವುದು ಲಿವರಿನ ಕೆಲಸ, ಇನ್ಸುಲಿನ್ ಗಂಟೆ ಹೊಡೆದರೆ ಅದು ತಯಾರಿ ಕಡಿಮೆ ಮಾಡಬೇಕು. ಲಿವರಿನಲ್ಲಿ ಕೊಬ್ಬು ತುಂಬಿದರೆ ಆ ಮಾತು ಕಿವಿಗೆ ಬೀಳುವುದಿಲ್ಲ. ಬೆಳಗಿನ ಜಾವ ಏರುವ ಕಾರ್ಟಿಸಾಲ್, ಗ್ರೋತ್ ಹಾರ್ಮೋನುಗಳೂ ಶುಗರನ್ನು ಮೇಲೆ ತಳ್ಳುತ್ತವೆ. ನಿದ್ದೆ ಕೆಟ್ಟರೆ ಇನ್ನೂ ಜಾಸ್ತಿ. ರಾತ್ರಿ ಪಾಳಿ ಮಾಡುವವರು ಇದನ್ನು ಡಾಕ್ಟರಿಗೆ ಹೇಳಲೇಬೇಕು.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಒಂದೆರಡು ದಿನ ರಾತ್ರಿ 3 ಗಂಟೆಗೆ ಎದ್ದು ಶುಗರ್ ನೋಡಿ. ಆ ಹೊತ್ತಿಗೆ ಜಾಸ್ತಿಯೇ ಇದ್ದರೆ ಲಿವರ್ ಕಥೆ. 70ಕ್ಕಿಂತ ಕೆಳಗಿದ್ದರೆ ಡೋಸ್ ಜಾಸ್ತಿಯಾಗಿದೆ ಅಂತ ಅರ್ಥ. ಬೆಳಗಿನ ನಂಬರ್ ಒಂದನ್ನೇ ನೋಡಿ ನೀವೇ ಇನ್ಸುಲಿನ್ ಏರಿಸಿದರೆ ಕೆಡುತ್ತೀರಿ.

"ಚೆನ್ನಾಗೇ ಇತ್ತು, ಒಂದೇ ವಾರದಲ್ಲಿ ಏರಿತು"

ಹೊಸದಾಗಿ ಏನು ನುಂಗಿದಿರಿ, ಏನು ಚುಚ್ಚಿಸಿಕೊಂಡಿರಿ? ಮಂಡಿಗೆ ಹಾಕಿಸಿದ ಇಂಜೆಕ್ಷನ್, ಉಬ್ಬಸದ ಮಾತ್ರೆ, ಅಲರ್ಜಿಗೆ ಕೊಟ್ಟ ಸ್ಟೆರಾಯ್ಡ್. ಹೆಸರಿಲ್ಲದ ಮಂಡಿನೋವಿನ ಪುಡಿಗಳಲ್ಲೂ ಕೆಲವೊಮ್ಮೆ ಸ್ಟೆರಾಯ್ಡ್ ಬೆರೆಸಿರುತ್ತಾರೆ, ಎರಡೇ ದಿನದಲ್ಲಿ ನೋವು ಮಾಯ ಅಂದರೆ ಅನುಮಾನ ಪಡಿ. ಆದರೆ ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟೆರಾಯ್ಡನ್ನು ಇದ್ದಕ್ಕಿದ್ದಂತೆ ಬಿಡುವುದು ಅಪಾಯ, ಡಾಕ್ಟರ್ ಹೇಳಿದ ಹಾಗೆ ಇಳಿಸಬೇಕು. ಜ್ವರ, ಹಲ್ಲಿನ ಕೀವು, ಕಾಲಿನ ಗಾಯ, ಮೂತ್ರದ ಸೋಂಕು ಇವೂ ಶುಗರ್ ಏರಿಸುತ್ತವೆ. ಯಾವುದೂ ಇಲ್ಲದೆ ತೂಕ ಇಳಿಯುತ್ತಾ ಶುಗರ್ ಏರುತ್ತಿದ್ದರೆ, ಅದರಲ್ಲೂ 50 ದಾಟಿದವರು, ಮೇದೋಜೀರಕ ಗ್ರಂಥಿಯನ್ನೇ ನೋಡಿಸಬೇಕಾಗುತ್ತದೆ. ತಡಮಾಡಬೇಡಿ.

"ಎಲ್ಲಾ ನೋಡಾಯ್ತು. ರಿಸೆಪ್ಟರೇ ಕೆಟ್ಟಿದೆಯಾ?"

ಇಲ್ಲಿಂದ ಮುಂದೆ ಮನೆಯಲ್ಲಾಗಲಿ ನಮ್ಮಂಥ ಲ್ಯಾಬಲ್ಲಾಗಲಿ ಆಗುವ ಕೆಲಸ ಅಲ್ಲ, ಹಾರ್ಮೋನ್ ತಜ್ಞರೇ ಬೇಕು. ಯಾವಾಗ ಹೋಗಬೇಕು ಅಂತ ಮಾತ್ರ ಹೇಳುತ್ತೇನೆ.

ತೆಳ್ಳಗಿರುವ ಹುಡುಗಿ, ಕುತ್ತಿಗೆ ದಟ್ಟವಾಗಿ ಕಪ್ಪು, ಮುಖದ ಮೇಲೆ ಕೂದಲು, ಮುಟ್ಟು ಸರಿ ಇಲ್ಲ, ಇನ್ಸುಲಿನ್ ಲೆವೆಲ್ ಆಕಾಶದಲ್ಲಿದೆ. ಇದು ರಿಸೆಪ್ಟರಿನ ಜೀನಿನಲ್ಲೇ ದೋಷ ಇರುವ ಟೈಪ್ ಎ ಅನ್ನುವ ಕಾಯಿಲೆ ಇರಬಹುದು. ಇದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸುಳಿವಿದೆ. ಇವರ ಟ್ರೈಗ್ಲಿಸರೈಡ್ ಸಾಮಾನ್ಯವಾಗಿ ನಾರ್ಮಲ್, ಲಿವರಿನಲ್ಲಿ ಕೊಬ್ಬೂ ಇರುವುದಿಲ್ಲ. ಯಾಕೆ? ಮಾಮೂಲಿ ಶುಗರಿನವರಲ್ಲಿ ಕೆಟ್ಟಿರುವುದು ಒಂದು ವೈರ್ ಮಾತ್ರ. ಲಿವರಿಗೆ "ಕೊಬ್ಬು ತಯಾರಿಸು" ಅನ್ನುವ ಆದೇಶ ಹೋಗುತ್ತಲೇ ಇರುತ್ತದೆ, ಅದಕ್ಕೇ ಟ್ರೈಗ್ಲಿಸರೈಡ್ ಏರುವುದು. ಇಲ್ಲಿ ಸ್ವಿಚ್ಚೇ ಸುಟ್ಟಿದೆ, ಆ ಆದೇಶವೂ ಹೋಗುವುದಿಲ್ಲ. 200 ರೂಪಾಯಿ ಆಸುಪಾಸಿನ ಪರೀಕ್ಷೆ ಸ್ವಿಚ್ಚಿನ ದೋಷವನ್ನೂ ವೈರಿನ ದೋಷವನ್ನೂ ಬೇರೆ ಮಾಡಿ ತೋರಿಸುತ್ತದೆ! ಕೈಕಾಲಿನ ಕೊಬ್ಬೆಲ್ಲ ಕರಗಿ ನರಗಳು ಎದ್ದು ಕಾಣುತ್ತಾ ಟ್ರೈಗ್ಲಿಸರೈಡ್ ವಿಪರೀತ ಇದ್ದರೆ ಅದು ಬೇರೆ ಕಾಯಿಲೆ, ಅದಕ್ಕೂ ಅದೇ ತಜ್ಞರು.

ಅಪ್ಪ, ಅಮ್ಮ ಎರಡೂ ಕಡೆಯಿಂದ ಕೆಟ್ಟ ಜೀನ್ ಬಂದರೆ ಮಗು ಹುಟ್ಟುವಾಗಲೇ ತೀರಾ ಸಣ್ಣದಾಗಿರುತ್ತದೆ, ಮೈಯಲ್ಲಿ ಕೊಬ್ಬೇ ಇರುವುದಿಲ್ಲ, ಊಟ ಆದ ಮೇಲೆ ಶುಗರ್ ಏರಿ ಹಸಿದಾಗ ಕುಸಿಯುತ್ತದೆ. ಇದಕ್ಕೆ ಡೊನೊಹ್ಯೂ ಸಿಂಡ್ರೋಮ್ ಅನ್ನುತ್ತಾರೆ, ಈ ಮಕ್ಕಳು ಹೆಚ್ಚಿನವರು ಎಳವೆ ದಾಟುವುದಿಲ್ಲ. ಸ್ವಲ್ಪ ಸೌಮ್ಯವಾದದ್ದು ರಾಬ್ಸನ್-ಮೆಂಡೆನ್‌ಹಾಲ್, ಅದರಲ್ಲಿ ಹಲ್ಲು, ಉಗುರುಗಳೂ ಸರಿ ಇರುವುದಿಲ್ಲ. ಸೋದರಮಾವ, ಅತ್ತೆ ಮಗ ಅಂತ ಒಳಗೊಳಗೇ ಮದುವೆ ಆಗುವ ಪದ್ಧತಿ ನಮ್ಮ ಕಡೆ ಇದೆಯಲ್ಲ, ಅಂಥ ಮನೆಯಲ್ಲಿ ಒಂದೇ ಕೆಟ್ಟ ಜೀನ್ ಎರಡೂ ಕಡೆಯಿಂದ ಬರುವ ಸಾಧ್ಯತೆ ಜಾಸ್ತಿ. ಇಂಥ ಮಗು ಹುಟ್ಟಿದ್ದರೆ ಮುಂದಿನ ಬಸಿರಿನ ಮೊದಲು ಜೀನ್ ಸಲಹೆ ಪಡೆಯಿರಿ. ಯಾರ ಕಡೆಯಿಂದ ಬಂತು ಅನ್ನುವ ಜಗಳ ಬೇಡ, ಇಬ್ಬರ ಕಡೆಯಿಂದಲೂ ಬಂದರೇನೇ ಅದು ಆಗುವುದು.

ಇನ್ನೊಂದು ಬಗೆ ದೊಡ್ಡವರಲ್ಲಿ. ದೇಹವೇ ರಿಸೆಪ್ಟರ್ ವಿರುದ್ಧ ಪ್ರತಿಕಾಯ, ಅಂದರೆ ಆಂಟಿಬಾಡಿ, ಮಾಡಿಕೊಳ್ಳುತ್ತದೆ, ದೇಹ ತನ್ನ ಮೇಲೇ ತಿರುಗಿಬೀಳುವ ಲೂಪಸ್ ಥರದ ಕಾಯಿಲೆ ಜೊತೆಗಿರುವುದುಂಟು. ತೂಕ ಇಳಿಯುತ್ತದೆ, ಇನ್ಸುಲಿನ್ ಎಷ್ಟು ಹಾಕಿದರೂ ಸಾಲದು. ವಿಚಿತ್ರ ಅಂದರೆ ಅದೇ ಪ್ರತಿಕಾಯ ಕೆಲವೊಮ್ಮೆ ತಾನೇ ಸ್ವಿಚ್ ಒತ್ತಿಬಿಡುತ್ತದೆ, ಆಗ ಶುಗರ್ ಅಪಾಯಕ್ಕೆ ಕುಸಿಯುತ್ತದೆ.

ದಿನಕ್ಕೆ ತೂಕದ ಪ್ರತಿ ಕೇಜಿಗೆ 3 ಯೂನಿಟ್‌ಗಿಂತ ಜಾಸ್ತಿ ಇನ್ಸುಲಿನ್ ಬೇಕಾಗುತ್ತಿದೆ, ಅಂದರೆ 60 ಕೇಜಿ ತೂಕದವರಿಗೆ 180 ದಾಟಿದೆ ಅಂದರೆ ಇದನ್ನೆಲ್ಲ ಹುಡುಕುವ ಹೊತ್ತು ಬಂತು. ಜೀನ್ ಪರೀಕ್ಷೆಗೆ ಇಲ್ಲಿಂದ ರಕ್ತ ಹೊರಗಡೆ ಕಳಿಸಬೇಕು, ರಿಪೋರ್ಟಿಗೆ ವಾರಗಟ್ಟಲೆ ಕಾಯಬೇಕು.

ಹೋಗುವಾಗ ಹಳೆಯ ಕೊಬ್ಬಿನ ರಿಪೋರ್ಟುಗಳು, ಒಂದು ವಾರದ ಮೀಟರ್ ಲೆಕ್ಕ, ರಾತ್ರಿ 3ರದ್ದೂ ಸೇರಿಸಿ, ನುಂಗುವ ಎಲ್ಲಾ ಮಾತ್ರೆ, ಪುಡಿಗಳು. ಜೊತೆಗೆ ಇನ್ಸುಲಿನ್ ಬಾಟಲಿ ಮತ್ತು ಈಗ ಬಳಸುತ್ತಿರುವ ಸಿರಿಂಜು, ಮುಚ್ಚಳ ಸಮೇತ.